ರೇಸ್ ನಿಯಮ, ಅಭಿಮಾನಿಗಳ ಸಿಟ್ಟು

ಫಾರ್ಮುಲಾ ಒನ್‌ನಲ್ಲಿ ನಿಯಮ ಬದಲಾದಾಗಲೆಲ್ಲ ಅಭಿಮಾನಿಗಳು ಕೂಗೆಬ್ಬಿಸುತ್ತಾರೆ. ಹಳೆಯದಕ್ಕೆ ಜೋತುಬಿದ್ದವರ ಗೊಣಗಾಟವೆಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ 2016ರ ಮೆಲ್ಬರ್ನ್ ಅರ್ಹತಾ ಸುತ್ತನ್ನು ನೋಡಿದವರು ಹಾಗೆನ್ನಲಾರರು. ಪ್ರತಿ 90 ಸೆಕೆಂಡಿಗೊಮ್ಮೆ ಅತಿ ನಿಧಾನದ ಕಾರನ್ನು ಹೊರಗಟ್ಟುವ ಹೊಸ ಪದ್ಧತಿ ಸ್ಪರ್ಧೆಗೆ ರಂಗು ತರಬೇಕಿತ್ತು. ಆದದ್ದೇ ಬೇರೆ. ಟೈರ್ ಉಳಿಸಿಕೊಳ್ಳಲು ತಂಡಗಳು ಕಾರುಗಳನ್ನು ಗ್ಯಾರೇಜಿಗೆ ಸೇರಿಸಿದವು. ಕೊನೆಯ ನಿಮಿಷಗಳಲ್ಲಿ ಗಡಿಯಾರ ಓಡುತ್ತಿತ್ತು, ಟ್ರ್ಯಾಕ್ ಖಾಲಿ ಬಿದ್ದಿತ್ತು. ದುಡ್ಡು ಕೊಟ್ಟು ಬಂದವರು ಸಿಟ್ಟಾಗದೆ ಇನ್ನೇನು ಮಾಡಿಯಾರು? ಎರಡು ರೇಸ್ ಕಳೆಯುವಷ್ಟರಲ್ಲಿ ಹಳೆಯ ಪದ್ಧತಿಯೇ ಮರಳಿತು. 2014ರಲ್ಲಿ ಅಬುಧಾಬಿಯ ಕೊನೆಯ ರೇಸ್‌ಗೆ ದುಪ್ಪಟ್ಟು ಅಂಕ ಕೊಟ್ಟ ನಿಯಮವೂ ಒಂದೇ ವರ್ಷಕ್ಕೆ ಮೂಲೆ ಸೇರಿತ್ತು.

ಹಾಗೆಂದು ಅಭಿಮಾನಿಗಳ ಮಾತೇ ವೇದವಾಕ್ಯವಲ್ಲ. 2018ರಲ್ಲಿ ಚಾಲಕನ ತಲೆಯ ಸುತ್ತ ‘ಹೇಲೊ’ ಎಂಬ ಟೈಟಾನಿಯಂ ಚೌಕಟ್ಟು ಕಡ್ಡಾಯವಾದಾಗ, ಕಾರಿನ ಅಂದವೇ ಕೆಟ್ಟಿತೆಂದು ಹೀಗಳೆದವರು ಬಹಳ. ಚಾಲಕ ರೊಮೇನ್ ಗ್ರೋಜಾನ್ ಅವರಿಗೂ ಅದು ಹಿಡಿಸಿರಲಿಲ್ಲ. 2020ರ ನವೆಂಬರ್‌ನಲ್ಲಿ ಬಹರೇನ್‌ನಲ್ಲಿ ಅವರ ಕಾರು ಉಕ್ಕಿನ ತಡೆಬೇಲಿಯನ್ನು ಸೀಳಿ, ಎರಡು ತುಂಡಾಗಿ ಹೊತ್ತಿ ಉರಿಯಿತು. ಸುಮಾರು ಅರ್ಧ ನಿಮಿಷ ಬೆಂಕಿಯಲ್ಲಿದ್ದ ಅವರು ಸುಟ್ಟ ಕೈಗಳೊಂದಿಗೆ ತಾವೇ ಎದ್ದು ಹೊರಬಂದರು. ತಲೆ ಕಾಯ್ದದ್ದು ಅದೇ ಚೌಕಟ್ಟು.

ಸುರಕ್ಷತೆಯ ವಿಷಯದಲ್ಲಿ ನಿಯಮ ರೂಪಿಸುವ ಸಂಸ್ಥೆ ಎಫ್‌ಐಎ ಯಾರ ಮುಲಾಜಿಗೂ ಒಳಗಾಗಬೇಕಿಲ್ಲ. ಆಟದ ಸೊಗಸಿಗೆ ಸಂಬಂಧಿಸಿದ ನಿಯಮಗಳನ್ನಾದರೂ ಜಾರಿಗೆ ತರುವ ಮುನ್ನ ನೋಡುಗರನ್ನು ಒಂದು ಮಾತು ಕೇಳಲಿ.