ಮೇಲೆ ತಳುಕು, ಒಳಗೆ ಹುಳುಕು

ಕಾವ್ಯರಸಿಕರಿರುವಂತೆ ಕಾರುರಸಿಕರೆಂಬ ಪಂಗಡವೂ ನಮ್ಮ ನಡುವೆ ಬೆಳೆದುನಿಂತಿದೆ. ಇವರು ನಾಲ್ವರು ಕೂಡಿದಲ್ಲಿ ನಡೆಯುವ ವಾದದ ಆವೇಶವು ಯಾವ ಸಾಹಿತ್ಯಗೋಷ್ಠಿಗೂ ಕಡಿಮೆಯದಲ್ಲ. ಈ ಬಂಡಿಯ ಮೂತಿ ಚೆನ್ನು, ಆ ಬಂಡಿಯ ಬೆನ್ನು ವಿಕಾರ. ಚಕ್ರ ಇನ್ನಷ್ಟು ದಪ್ಪವಿದ್ದರೆ ಗಂಭೀರವಾಗಿರುತ್ತಿತ್ತು, ದೀಪ ಇನ್ನಷ್ಟು ಸಪೂರವಿದ್ದರೆ ಸೊಗಸಾಗಿರುತ್ತಿತ್ತು ಎಂದು ಇವರು ತೀರ್ಪು ಕೊಡುತ್ತಿರುವರು. ರುಚಿಭೇದವು ಲೋಕಸಹಜ. ಅದರ ಮೇಲೆ ನಮಗೆ ತಕರಾರಿಲ್ಲ.

ತಕರಾರಿರುವುದು ಇವರ ವಾದದ ಬುಡದಲ್ಲಿ. ಕಣ್ಣಿಗೆ ಕಾಣುವುದೇ ಕಾರಿನ ರೂಪ, ಕಾಣದುದಕ್ಕೆ ಬೆಲೆಯಿಲ್ಲ ಎಂಬ ನಂಬಿಕೆಯೊಂದು ಆ ಬುಡದಲ್ಲಿ ಕುಳಿತಿದೆ. ಕೊಂಡ ಬಂಡಿಯನ್ನು ಮನಬಂದಂತೆ ತಿದ್ದುವ ಚಪಲವು ಹುಟ್ಟುವುದು ಈ ನಂಬಿಕೆಯಿಂದಲೇ. ಮುರಿದುದನ್ನು ಸರಿಪಡಿಸದೆ ಮುಚ್ಚಿಹಾಕುವ ಕಳ್ಳ ರಿಪೇರಿಯು ಬದುಕುತ್ತಿರುವುದೂ ಇದರ ಆಶ್ರಯದಲ್ಲಿಯೇ. ಅಲಂಕಾರಪ್ರಿಯನೂ ವಂಚಕನೂ ಒಂದೇ ಕಣ್ಣನ್ನು ನಂಬಿ ಜೀವಿಸುವರು. ಈ ಕಣ್ಣು ಮನುಷ್ಯರ ಜೀವವನ್ನು ಬಲಿಗೊಡುತ್ತಿದೆಯೆಂಬುದೇ ನಮ್ಮ ವಾದ.

ಮೋಟಾರು ಬಂಡಿಯ ಚರಿತ್ರೆಯಲ್ಲಿ 1959ನೆಯ ವರ್ಷವನ್ನು ನೋಡಿರಿ. ಅಮೆರಿಕದಲ್ಲಿ ಆಗ ಕಾರಿನ ಹಿಂಬದಿಗೆ ರೆಕ್ಕೆ ಹಚ್ಚುವ ಗೀಳು ತುತ್ತತುದಿಗೆ ಮುಟ್ಟಿತ್ತು. ಜನರಲ್ ಮೋಟಾರ್ಸ್ ಸಂಸ್ಥೆಯ ರೂಪವಿನ್ಯಾಸದ ಮುಖ್ಯಸ್ಥರಾಗಿದ್ದ ಹಾರ್ಲಿ ಅರ್ಲ್ ಅವರ ಕಾಲದಲ್ಲಿ, ಲಾಕ್‌ಹೀಡ್ ಪಿ-38 ಎಂಬ ಯುದ್ಧವಿಮಾನದ ಬಾಲವನ್ನು ಕಂಡು ಪ್ರೇರಣೆ ಪಡೆದು, 1948ರ ಕ್ಯಾಡಿಲಾಕ್ ಕಾರಿಗೆ ಮೊದಲು ಪುಟ್ಟ ರೆಕ್ಕೆಗಳು ಬಂದವು. ವರ್ಷದಿಂದ ವರ್ಷಕ್ಕೆ ಅವು ಬೆಳೆದು, 1959ರ ಕ್ಯಾಡಿಲಾಕಿನಲ್ಲಿ ಆಕಾಶವನ್ನು ತಿವಿಯುವಂತೆ ಎದ್ದು ನಿಂತವು. ಆ ರೆಕ್ಕೆಗಳಿಂದ ಕಾರು ಹಾರಲಿಲ್ಲ. ಪ್ರಯಾಣಿಕನಿಗೆ ಅವುಗಳಿಂದ ಕೂದಲೆಳೆಯಷ್ಟು ರಕ್ಷಣೆಯೂ ದೊರೆಯಲಿಲ್ಲ. ಆದರೂ ಜನರು ಮರುಳಾಗಿ ಕೊಂಡರು.

ಅದೇ 1959ರಲ್ಲಿ ಸ್ವೀಡನ್ನಿನ ವೋಲ್ವೊ ಸಂಸ್ಥೆಯ ನಿಲ್ಸ್ ಬೊಲಿನ್ ಎಂಬ ಎಂಜಿನಿಯರು ಎದೆಗೂ ಸೊಂಟಕ್ಕೂ ಒಟ್ಟಿಗೆ ಬಿಗಿಯುವ, ಮೂರು ಕಡೆ ಆಧಾರವುಳ್ಳ ಸೀಟ್ ಬೆಲ್ಟನ್ನು ಬಳಕೆಗೆ ತಂದರು. ಸಂಸ್ಥೆಯು ಅದರ ಪೇಟೆಂಟನ್ನು ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದೇ ವರ್ಷ ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆಯು ಹೊರತಂದ ಡಬ್ಲ್ಯು 111 ಎಂಬ ಕಾರಿನಲ್ಲಿ, ಬೇಲಾ ಬರೇನಿ ಎಂಬ ಎಂಜಿನಿಯರು ಯೋಚಿಸಿದ್ದ ಹೊಸ ರಚನೆಯೊಂದು ಅಡಗಿತ್ತು. ಡಿಕ್ಕಿಯಾದಾಗ ಕಾರಿನ ಮುಂದಿನ ಮತ್ತು ಹಿಂದಿನ ಭಾಗಗಳು ತಾವು ಮುದುಡಿ ಹೊಡೆತವನ್ನು ನುಂಗಬೇಕು. ಜನರು ಕುಳಿತ ನಡುಭಾಗವು ಗಟ್ಟಿಯಾಗಿ ಉಳಿಯಬೇಕು. ಆ ರಚನೆಯ ತಿರುಳು ಇಷ್ಟೇ.

ವಿನೋದವೇನೆಂದರೆ, ಆ ಜರ್ಮನ್ ಕಾರಿಗೂ ಕಾಲಧರ್ಮಕ್ಕೆ ತಕ್ಕಂತೆ ಹಿಂಬದಿಯಲ್ಲಿ ಸಣ್ಣ ರೆಕ್ಕೆಗಳಿದ್ದವು. ರಸಿಕರು ಇಂದಿಗೂ ಅದನ್ನು ‘ರೆಕ್ಕೆಬಾಲದ ಕಾರು’ ಎಂದೇ ಕರೆಯುತ್ತಾರೆ. ‘ಮುದುಡಿ ಜೀವವುಳಿಸುವ ಕಾರು’ ಎಂದು ಕರೆಯುವವರಿಲ್ಲ. ಕೆಲವೇ ವರ್ಷಗಳಲ್ಲಿ ರೆಕ್ಕೆಗಳು ಉದುರಿಹೋದವು. ಮುದುಡುವ ರಚನೆಯಾದರೋ ಇಂದಿನ ಕಾರುಗಳಲ್ಲೆಲ್ಲ ನೆಲೆಸಿದೆ. ಫಿಯಟ್ 1100ರ ಮೂಲಕ ಆ ರೆಕ್ಕೆಯ ಮರಿಯೊಂದು ಭಾರತಕ್ಕೂ ಬಂದು, ಪ್ರೀಮಿಯರ್ ಪದ್ಮಿನಿಯ ಬೆನ್ನೇರಿ, 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಟ್ಯಾಕ್ಸಿಗಳೊಡನೆ ವಿಶ್ರಾಂತಿಗೆ ಸರಿಯಿತು. ಕಂಡದ್ದು ಕಳೆಯಿತು, ಕಾಣದ್ದು ಉಳಿಯಿತು. ಇದರಿಂದ ರಸಿಕರು ಪಾಠ ಕಲಿತರೇ?

ಕಲಿಯಲಿಲ್ಲವೆಂಬುದಕ್ಕೆ ನಮ್ಮ ರಸ್ತೆಗಳೇ ಸಾಕ್ಷಿ. ಬಂಡಿಯ ಮೂತಿಗೆ ಉಕ್ಕಿನ ಕಂಬಿಗಳ ‘ಬುಲ್ ಬಾರ್’ ಬಿಗಿಸಿಕೊಂಡು ಮೆರೆಯುವವರನ್ನು ಕೇಳಿದರೆ, ‘ರಕ್ಷಣೆಗಾಗಿ’ ಎನ್ನುತ್ತಾರೆ. ಯಾರ ರಕ್ಷಣೆ? ಶಾಲೆಯ ಕರಿಹಲಗೆಯ ಮೇಲೆ ಲೆಕ್ಕಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಗೋಡೆಗೆ ಬಡಿದಾಗ ಅದರ ಮೂತಿ 60 ಸೆಂಟಿಮೀಟರಿನಷ್ಟು ಮುದುಡಿದರೆ, ಕಾರು ನಿಲ್ಲುವಾಗಿನ ಸರಾಸರಿ ಮಂದಗತಿಯು ಗುರುತ್ವ ವೇಗೋತ್ಕರ್ಷದ ಸುಮಾರು 16 ಪಟ್ಟು. ಮೂತಿಯು ಬಿರುಸಾಗಿ ನಿಂತು 10 ಸೆಂಟಿಮೀಟರ್ ಮಾತ್ರ ಮುದುಡಿದರೆ ಅದೇ ಪ್ರಮಾಣವು 98 ಪಟ್ಟಿಗೆ ಏರುತ್ತದೆ. ಕಂಬಿಯು ಕಾರಿನ ಮೂತಿಯನ್ನು ಉಳಿಸೀತು. ಮುದುಡುವ ಭಾಗವನ್ನು ಬಳಸಿಕೊಂಡು ಹೊಡೆತವನ್ನು ನೇರವಾಗಿ ಚಾಸಿಗೆ ಸಾಗಿಸಿ, ಒಳಗೆ ಕುಳಿತವನ ಎದೆಗೇ ತಲುಪಿಸೀತು. ಏರ್‌ಬ್ಯಾಗು ಬಿಚ್ಚಿಕೊಳ್ಳಬೇಕಾದ ಗಳಿಗೆಯನ್ನೂ ಅದು ತಪ್ಪಿಸಬಲ್ಲದು. ಎದುರಿಗೆ ಸಿಕ್ಕ ಪಾದಚಾರಿಯ ಪಾಡಂತೂ ಕೇಳುವುದೇ ಬೇಡ. 2017ರ ಡಿಸೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಮಂತ್ರಾಲಯವು ಇಂತಹ ಕಂಬಿಗಳ ವಿರುದ್ಧ ಕ್ರಮ ಕೈಗೊಳ್ಳಬೇಕೆಂದು ರಾಜ್ಯಗಳಿಗೆ ಬರೆದುದು ಸುಮ್ಮನೆ ಅಲ್ಲ.

ಇನ್ನು ಕೆಲವರು ಬಂಡಿಯು ನೆಲಕ್ಕೆ ತಗ್ಗಿ ಕಾಣಲೆಂದು ಸ್ಪ್ರಿಂಗಿನ ಸುರುಳಿಗಳನ್ನೇ ಕತ್ತರಿಸುವರು. ಹಳ್ಳ ಬಂದಾಗ ಚಕ್ರಕ್ಕೆ ಏರಿಳಿಯಲು ಎಡೆಯೇ ಇರದು. ತಿರುವಿನಲ್ಲಿ ಬಂಡಿಯು ಹೇಳಿದ ಮಾತು ಕೇಳದು. ಮತ್ತೆ ಕೆಲವರು ಸಾಮಾನ್ಯ ಬಲ್ಬಿಗೆಂದು ರೂಪಿಸಿದ ಹೆಡ್‌ಲೈಟಿನಲ್ಲಿ ಕಣ್ಣು ಕುಕ್ಕುವ ಬಿಳಿಯ ಬಲ್ಬನ್ನು ತುರುಕುವರು. ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಎದುರಿನವನ ಕಣ್ಣಿಗೆ ಬೀಳುತ್ತದೆ. ಎಲ್ಲಕ್ಕಿಂತ ನಾಚಿಕೆಗೇಡಿನದು, ಸೀಟ್ ಬೆಲ್ಟಿನ ಎಚ್ಚರಿಕೆಯ ಸದ್ದನ್ನು ಅಡಗಿಸಲು ಸಿಕ್ಕಿಸುವ ಖಾಲಿ ಕೊಂಡಿ. ಬೊಲಿನ್ ಅವರ ಬೆಲ್ಟು ಪಕ್ಕದಲ್ಲಿ ತೂಗುತ್ತಿರುತ್ತದೆ; ಬಂಡಿಯನ್ನು ನಂಬಿಸಲು ಒಂದು ತುಂಡು ಲೋಹ ಅದರ ಸ್ಥಾನದಲ್ಲಿ ಕುಳಿತಿರುತ್ತದೆ! 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಇದರ ಮಾರಾಟವನ್ನು ತಡೆಯಲು ಆಜ್ಞೆ ಹೊರಡಿಸಬೇಕಾಯಿತೆಂದರೆ, ಈ ವಸ್ತುವಿಗೆ ಗಿರಾಕಿಗಳು ಎಷ್ಟಿದ್ದರೆಂದು ಊಹಿಸಿಕೊಳ್ಳಿರಿ.

‘ಬಂಡಿ ನನ್ನದು, ಹಣ ನನ್ನದು, ನಡುವೆ ನಿಮ್ಮದೇನು?’ ಎಂದು ಇವರು ಕೇಳುವರು. ಬಂಡಿ ನಿಮ್ಮದು, ನಿಜ. ರಸ್ತೆ ಎಲ್ಲರದು. ಎದುರಿನಿಂದ ಬರುವ ಕಣ್ಣುಗಳು ನಿಮ್ಮವಲ್ಲ. ಶಾಲೆ ಬಿಟ್ಟು ರಸ್ತೆಯಂಚಿನಲ್ಲಿ ನಡೆದುಬರುವ ಮಕ್ಕಳು ನಿಮ್ಮ ಹಣದಿಂದ ಬಂದವರಲ್ಲ. ನಾಳೆ ನೀವು ಮಾರುವ ಬಂಡಿಯನ್ನು ನಂಬಿ ಕೊಳ್ಳುವವನ ಸಂಸಾರವೂ ನಿಮ್ಮದಲ್ಲ.

ಹಾಗಾದರೆ ತಯಾರಕನು ಕೊಟ್ಟುದನ್ನು ಮುಟ್ಟಲೇಬಾರದೆ? ಹಾಗೆ ನಾವು ಹೇಳುತ್ತಿಲ್ಲ. ಕಾಲಿಲ್ಲದವರು ಕೈಯಿಂದಲೇ ಬ್ರೇಕು ಹಾಕುವಂತೆ ಬಂಡಿಯನ್ನು ಹೊಂದಿಸುವುದು ಉತ್ತಮ ಮಾರ್ಪಾಡು. ಕಾನೂನೂ ಅದಕ್ಕೆ ಎಡೆಗೊಟ್ಟಿದೆ. ಬೆಲ್ಟಿಲ್ಲದ ಹಳೆಯ ಕಾರಿಗೆ ಬಲವಾದ ಆಧಾರ ಕೊಟ್ಟು ಬೆಲ್ಟು ಹಾಕಿಸುವುದು ಮೆಚ್ಚತಕ್ಕ ಕೆಲಸ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದು ಸಾರಿದುದನ್ನು ನಮ್ಮ ಅಧ್ಯಾಪಕರು ಬಲ್ಲರು. ತನ್ನ ತಾಣದಲ್ಲಿದ್ದರೆ ಅಲಂಕಾರ, ತಾಣ ತಪ್ಪಿದರೆ ಅಪಹಾಸ್ಯ. ಕಾವ್ಯದಲ್ಲಿ ಔಚಿತ್ಯ ಕೆಟ್ಟರೆ ರಸಭಂಗವಾದೀತು. ಬಂಡಿಯಲ್ಲಿ ಕೆಟ್ಟರೆ ಎಲುಬೇ ಮುರಿದೀತು.

ಕಾನೂನು ಇಲ್ಲವೆ ಎಂದು ಕೇಳಬಹುದು. ಇದೆ. ನಾವಿರುವ ಈ ಕೇರಳದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತು, ತಯಾರಕನು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಬಂಡಿಯನ್ನು ಮಾರ್ಪಡಿಸಕೂಡದೆಂದು ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಅಕ್ರಮವಾದ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡವನ್ನೋ 6 ತಿಂಗಳವರೆಗಿನ ಸೆರೆಯನ್ನೋ ವಿಧಿಸಲು ಅವಕಾಶ ಕೊಟ್ಟಿದೆ. ಆದರೆ ಕಾನೂನಿಗೆ ಇರುವುದೂ ಅದೇ ಕಣ್ಣು. ಹೊರಗೆ ಬಿಗಿಸಿದ ಕಂಬಿ ಅದಕ್ಕೆ ಕಾಣುತ್ತದೆ. ಬಣ್ಣದ ಅಡಿಯಲ್ಲಿರುವ ತುಕ್ಕು ಕಾಣುವುದಿಲ್ಲ. ಆದುದರಿಂದಲೇ ಮಾರ್ಪಾಡಿಗಿಂತ ಕಳ್ಳ ರಿಪೇರಿಯು ಹೆಚ್ಚು ಭಯಂಕರವಾದುದು.

ಆ ವಿದ್ಯೆಯ ವೈಖರಿಯನ್ನು ನೋಡಿರಿ. ಬಾಗಿಲಿನ ಕೆಳಗಿನ ಉಕ್ಕಿನ ಪಟ್ಟಿ ತುಕ್ಕು ತಿಂದು ಜರಡಿಯಾಗಿದೆ. ಕೊಳೆತುದನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು ಎರಡು ದಿನದ ಕೆಲಸ. ಅದರ ಬದಲು ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಸಂಜೆಯೊಳಗೆ ಬಂಡಿ ಥಳಥಳ! ಪುಟ್ಟಿಯು ನಗ್ಗಿದ ತಗಡಿನ ಮೈಯನ್ನು ನಯಗೊಳಿಸುವುದಕ್ಕೆ ಇರುವ ವಸ್ತು. ಭಾರ ಹೊರುವ ವಸ್ತುವಲ್ಲ. ಪಕ್ಕದಿಂದ ಡಿಕ್ಕಿಯಾದ ದಿನ ಅದು ಹಪ್ಪಳದಂತೆ ಒಡೆಯುತ್ತದೆ. ಇಂದಿನ ಕಾರುಗಳ ಕಂಬಗಳಲ್ಲಿ ವಿಶೇಷವಾಗಿ ಹದಗೊಳಿಸಿದ ಅತಿಬಲದ ಉಕ್ಕನ್ನು ಬಳಸುವರು. ಬಾಗಿದ ಅಂತಹ ಕಂಬವನ್ನು ಗ್ಯಾಸಿನ ಜ್ವಾಲೆಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡಿದರೆ, ಆಕಾರವು ಮರಳಿ ಬರುತ್ತದೆ, ಹದವು ಹೊರಟುಹೋಗುತ್ತದೆ. ಸುಟ್ಟುಹೋದ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿದರೆ ದೀಪವೇನೋ ಉರಿಯುತ್ತದೆ; ಮುಂದೆ ಶಾರ್ಟ್ ಆದ ದಿನ, ಕರಗಿ ಕಾಪಾಡಬೇಕಾದ ಫ್ಯೂಸು ಇಲ್ಲವಾಗಿ ಬಂಡಿಯೇ ಉರಿಯುತ್ತದೆ. ಇನ್ನೂ ಒಂದು ಕೈಚಳಕವುಂಟು. ಒಮ್ಮೆ ಸಿಡಿದ ಏರ್‌ಬ್ಯಾಗಿನ ಸ್ಥಳದಲ್ಲಿ ಹೊಸದನ್ನು ಹಾಕದೆ, ಕೆಲವು ರೂಪಾಯಿಗಳ ವಿದ್ಯುತ್ ನಿರೋಧಕವೊಂದನ್ನು ಜೋಡಿಸಿ, ಎಚ್ಚರಿಕೆಯ ದೀಪವನ್ನು ಆರಿಸಿಬಿಡುವುದು. ಚಾಲಕನ ಮುಂದೆ ನಗುವ ಮುಚ್ಚಳ, ಅದರ ಹಿಂದೆ ಬರಿಯ ಪೊಳ್ಳು. ಇದನ್ನು ರಿಪೇರಿಯೆಂದು ಕರೆಯುವ ನಾಲಗೆಯು ಕೊಲೆಯನ್ನು ಏನೆಂದು ಕರೆದೀತು?

ಈ ಪಾಪವನ್ನೆಲ್ಲ ಗ್ಯಾರೇಜಿನ ಮೆಕ್ಯಾನಿಕನ ತಲೆಗೆ ಕಟ್ಟುವುದು ಅನ್ಯಾಯವಾಗುತ್ತದೆ. ‘ನಾಳೆಯೇ ಬೇಕು, ಅರ್ಧ ಬೆಲೆಗೆ ಬೇಕು, ಹೊರಗೆ ಮಾತ್ರ ಹೊಸದರಂತೆ ಕಾಣಬೇಕು’ ಎಂದು ಪೀಡಿಸುವ ಯಜಮಾನನೇ ಮೊದಲ ಅಪರಾಧಿ. ಕೊಳೆತ ತಗಡನ್ನು ತೋರಿಸಿ, ‘ಇದನ್ನು ಕತ್ತರಿಸಲೇಬೇಕು, ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ’ ಎನ್ನುವ ಪ್ರಾಮಾಣಿಕನು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಪುಟ್ಟಿ ಮೆತ್ತುವವನು ಮೂರಂತಸ್ತಿನ ಮನೆ ಕಟ್ಟುತ್ತಾನೆ. ಹುಳುಕನ್ನು ಬಲ್ಲ ರಸಿಕರಾದರೂ ಆ ಪ್ರಾಮಾಣಿಕನ ಬೆನ್ನಿಗೆ ನಿಲ್ಲಬೇಕಿತ್ತು. ಅವರಲ್ಲಿ ಬೆಸುಗೆಯ ಗೆರೆಯೊಂದನ್ನು ಬೆರಳಿನಿಂದಲೇ ಗುರುತಿಸಬಲ್ಲ ನಿಪುಣರಿದ್ದಾರೆ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರನ್ನು ಇಂದಿಗೂ ನಿಷ್ಠೆಯಿಂದ ಬಾಳಿಸುತ್ತಿರುವವರಿದ್ದಾರೆ. ಇಂತಹವರ ವಿದ್ಯೆಗೆ ನಾವು ತಲೆಬಾಗುತ್ತೇವೆ. ಆದರೆ ಗೋಷ್ಠಿಯಲ್ಲಿ ಅವರ ಮಾತು ಕೇಳಿಸದಂತೆ ಮೂತಿಯ ಜಾಲರಿಯ ಚರ್ಚೆಯೇ ಮೊಳಗುತ್ತಿರುವುದು ನಮ್ಮ ದುಃಖ.

ಅಧ್ಯಾಪಕ ಮಿತ್ರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿನಂತಿ. ವೇಗ, ಬಲ, ವಿದ್ಯುತ್ತು ಎಂದು ತರಗತಿಯಲ್ಲಿ ಕಲಿಸುವ ಪಾಠಗಳು ಪರೀಕ್ಷೆಯ ಕಾಗದದಲ್ಲಿ ಮುಗಿಯದಿರಲಿ. ಮನೆಯ ಬಂಡಿಯೋ ಸ್ಕೂಟರೋ ರಿಪೇರಿಗೆ ಹೋದಾಗ ಮೂರು ಪ್ರಶ್ನೆಗಳನ್ನು ಕೇಳುವ ಧೈರ್ಯ ನಮ್ಮ ಮಕ್ಕಳಿಗಿರಲಿ: ತೆಗೆದ ಹಳೆಯ ಭಾಗ ಎಲ್ಲಿ? ಬಣ್ಣ ಹೊಡೆಯುವ ಮುನ್ನ ಬೆಸುಗೆಯನ್ನು ತೋರಿಸುವಿರಾ? ಹೊಸದಾಗಿ ಹಾಕಿದ ವಸ್ತು ಹಳೆಯದು ಮಾಡುತ್ತಿದ್ದ ಕೆಲಸವನ್ನೇ ಮಾಡುವುದೆ? ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವ ಗ್ಯಾರೇಜಿನಿಂದ ಬಂಡಿಯನ್ನು ಎಳೆದುಕೊಂಡಾದರೂ ಹಿಂದಿರುಗಿರಿ. ನಗುತ್ತ ತೋರಿಸುವವನು ಸಿಕ್ಕರೆ, ಅವನು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ.