ವಿಶ್ರಾಂತಿ ವೇತನ ಉಂಟು, ವಿಶ್ರಾಂತಿ ಯಾರಿಗೆ?

ಹೆಸರು ಮೂಡಲಪಾಳ್ಯ, ಇರುವುದು ಬೆಂಗಳೂರಿನ ಪಡುವಣ ದಿಕ್ಕಿಗೆ. ಹೆಸರು ವಿಶ್ರಾಂತಿ ವೇತನ. ಅದು ಬರುವ ಮನೆಯಲ್ಲಿ ವಿಶ್ರಾಂತಿ ಎಂಬುದೇ ಇಲ್ಲ. ಮೊದಲನೆಯದನ್ನು ನಕ್ಕು ಮರೆಯಬಹುದು. ಎರಡನೆಯದು ಮುಪ್ಪಾದ ಯೋಧರ ಮನೆಯವರಿಗೆ ಸರಕಾರ ಮಾಡುತ್ತಿರುವ ಅನ್ಯಾಯ. ಅದನ್ನು ಕಂಡೂ ಕಾಣದಂತೆ ಇರುವುದು ದುಡಿಯುವ ಜನಕ್ಕೆ ಶೋಭಿಸುವುದಿಲ್ಲ.

ಮೂಡಲಪಾಳ್ಯ, ನಾಗರಭಾವಿ, ವಿಜಯನಗರಗಳ ಅಡ್ಡರಸ್ತೆಗಳಲ್ಲಿ ಇರುವಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಯಜಮಾನರು 1971ರ ಯುದ್ಧ ಕಂಡವರು. ಹವಾಲ್ದಾರರಾಗಿ ಬಿಡುಗಡೆ ಹೊಂದಿ, ಆಮೇಲೆ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿ ದುಡಿದರು. ಈಗ ಎಪ್ಪತ್ತೈದು ದಾಟಿದೆ. ಲಕ್ವ ಹೊಡೆದು ಒಂದು ಪಕ್ಕ ಬಿದ್ದಿದೆ, ಮರೆವು ಕವಿದಿದೆ. ಹೆಂಡತಿಗೆ ಎಪ್ಪತ್ತರ ಹತ್ತಿರ, ಮಂಡಿನೋವು. ಮಗ ಪೀಣ್ಯದಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಸೊಸೆ ಮನೆಯ ಮುಂದೆ ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದಾಳೆ.

ರಾತ್ರಿ ಎದ್ದೆದ್ದು ಅವರ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಬೆಳಗಾದರೆ ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಗಂಜಿ ಕುಡಿಸಬೇಕು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸಬೇಕು. ಬಾಗಿಲು ತೆರೆದಿದ್ದರೆ ತೆವಳಿಕೊಂಡಾದರೂ ಬೀದಿಗೆ ಹೋಗುವರೆಂಬ ಭಯ ಬೇರೆ. ನಗರದ ಇನ್ನೊಂದು ತುದಿಯಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಕಮಾಂಡ್ ಆಸ್ಪತ್ರೆಗೆ ಕರೆದೊಯ್ಯಬೇಕಾದ ದಿನ ಮಗನ ಹಾಜರಿ ಹೋಯಿತು, ಸೊಸೆಯ ಅಂಗಡಿಯ ಬಾಗಿಲು ಮುಚ್ಚಿತು. ಆ ಮುದುಕಿ ತವರಿನ ಮದುವೆ ನೋಡಿ ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿಲ್ಲ. ಇಂಥ ಮನೆ ಯಾವುದೆಂದು ನಾವು ಹೇಳಬೇಕಾಗಿಲ್ಲ. ಓದುಗರೇ, ನಿಮ್ಮ ಬೀದಿಯಲ್ಲಿ ಒಂದಿದೆ.

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಕೊಟ್ಟದ್ದನ್ನು ಕೊಟ್ಟಿಲ್ಲವೆನ್ನುವುದು ನಮ್ಮ ಜಾಯಮಾನವಲ್ಲ. 2003ರಲ್ಲಿ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ (ಇ.ಸಿ.ಎಚ್.ಎಸ್.) ಬಂತು, ಔಷಧಿಗೂ ಆಸ್ಪತ್ರೆಗೂ ದಾರಿಯಾಯಿತು. 2015ರಲ್ಲಿ ಮಾಜಿ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತ ಮೇಲೆ ‘ಸಮಾನ ದರ್ಜೆಗೆ ಸಮಾನ ಪಿಂಚಣಿ’ಯ ಆಜ್ಞೆ ಹೊರಟಿತು. ಪಿಂಚಣಿಯೇ ಇಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ತಿಂಗಳಿಗೆ 4,000 ರೂಪಾಯಿ ಇದ್ದ ಸಹಾಯಧನವನ್ನು 2025ರ ನವೆಂಬರಿನಿಂದ 8,000ಕ್ಕೆ ಏರಿಸಿದರು. ಅಂಗಡಿಯ ಬಂಧುಗಳೇ, ಪ್ರತಿ ಡಿಸೆಂಬರ್ 7ರ ಧ್ವಜ ದಿನದಂದು ನೀವು ಡಬ್ಬಿಗೆ ಹಾಕುವ ಕಾಸೂ ಆ ನಿಧಿಗೆ ಸೇರುತ್ತದೆ.

ಆದರೆ ಈ ಲೆಕ್ಕವನ್ನೆಲ್ಲ ಇನ್ನೊಮ್ಮೆ ಓದಿರಿ. ಅದರಲ್ಲಿ ರೋಗಿ ಇದ್ದಾನೆ, ಔಷಧಿ ಇದೆ, ಆಸ್ಪತ್ರೆ ಇದೆ. ಔಷಧಿ ಕುಡಿಸುವ ಕೈ ಎಲ್ಲಿ? ಹಾಸಿಗೆಯ ಪಕ್ಕದಲ್ಲಿ ರಾತ್ರಿಯಿಡೀ ಕುಳಿತ ಜೀವ ಎಲ್ಲಿ? ಅವಳ ಹೆಸರು ಯಾವ ಖಾತೆಯಲ್ಲೂ ಇಲ್ಲ. ‘ನಿರಂತರ ಶುಶ್ರೂಷಾ ಭತ್ಯ’ ಎಂಬುದೊಂದು ಉಂಟು. 2017ರಲ್ಲಿ ಅದನ್ನು ತಿಂಗಳಿಗೆ 4,500ರಿಂದ 6,750 ರೂಪಾಯಿಗೆ ಏರಿಸಿದರು. ಆದರೆ ಅದು ಸೇವೆಯ ಕಾರಣದಿಂದಲೇ ನೂರಕ್ಕೆ ನೂರು ಅಂಗವಿಕಲರಾದವರಿಗೆ ಮಾತ್ರ. ಶತ್ರುವಿನ ಗುಂಡಿಗೆ ಕಾಲು ಹೋದರೆ ಸರಕಾರದ ಕಣ್ಣಿಗೆ ಕಾಣುತ್ತದೆ. ಮುಪ್ಪಿನ ಏಟಿಗೆ ಕಾಲು ಹೋದರೆ ಕಾಣುವುದಿಲ್ಲ. ಹಾಸಿಗೆ ಎರಡೂ ಕಡೆ ಒಂದೇ, ಸೊಂಟ ಮುರಿಯುವ ಸೇವೆಯೂ ಒಂದೇ!

ಗಿರಣಿ ಕಾರ್ಮಿಕರಿಗೆ ಈ ಮಾತು ಬೇಗ ತಿಳಿಯುತ್ತದೆ. ಗಿರಣಿಯಲ್ಲಿ ಒಬ್ಬ ರಜಾ ಹೋದರೆ ಮಗ್ಗ ನಿಲ್ಲುವುದಿಲ್ಲ. ಬದಲಿ ಆಳು ಬಂದು ನಿಲ್ಲುತ್ತಾನೆ. ಸೈನ್ಯದಲ್ಲೂ ಹಾಗೆಯೇ. ಎಷ್ಟೇ ಗಟ್ಟಿಗನಾದರೂ ಒಬ್ಬನನ್ನೇ ಹಗಲೂ ರಾತ್ರಿ ಪಹರೆಗೆ ನಿಲ್ಲಿಸುವುದಿಲ್ಲ. ಹೊತ್ತಿಗೆ ಸರಿಯಾಗಿ ಪಹರೆ ಬದಲಾಗುತ್ತದೆ. ದಣಿದವನು ತೂಕಡಿಸುತ್ತಾನೆ ಎಂಬುದು ಸೇನಾಧಿಪತಿಗೂ ಗೊತ್ತು, ಗಿರಣಿಯ ಧಣಿಗೂ ಗೊತ್ತು. 1948ರ ಕಾರ್ಖಾನೆ ಕಾನೂನು ವಾರಕ್ಕೆ 48 ಗಂಟೆಗಳ ಮಿತಿ ಹಾಕಿ, ವಾರಕ್ಕೊಂದು ದಿನ ರಜಾ ಕೊಡಲೇಬೇಕೆಂದು ಹೇಳಿತು. ಆ ರಜಾ ಯಾವ ಧಣಿಯ ದಾನವೂ ಅಲ್ಲ, ಹೋರಾಟದಿಂದ ಬಂದದ್ದು. ಆ ಹವಾಲ್ದಾರರ ಹೆಂಡತಿಗೆ ಮಾತ್ರ ವಾರದ ರಜಾ ಇಲ್ಲ, ಪಾಳಿ ಇಲ್ಲ, ಬದಲಿ ಇಲ್ಲ, ಕೂಲಿಯಂತೂ ಇಲ್ಲವೇ ಇಲ್ಲ. ಗಂಡ ಕೆಲವು ವರ್ಷ ಗಡಿ ಕಾದರು; ಅವಳ ಪಹರೆಗೆ ಕೊನೆಯೇ ಇಲ್ಲ.

ಇದನ್ನು ಹೇಳಿದ ಕೂಡಲೇ ದೊಡ್ಡವರು ಸಂಸ್ಕೃತಿಯ ಮಾತು ತೆಗೆಯುತ್ತಾರೆ. ತಂದೆ-ತಾಯಿಯ ಸೇವೆ ನಮ್ಮ ಧರ್ಮ, ಗಂಡನ ಸೇವೆ ಹೆಂಡತಿಯ ಪುಣ್ಯ, ಅದಕ್ಕೆ ಸರಕಾರ ಏಕೆ ಎನ್ನುತ್ತಾರೆ. ಹೀಗೆನ್ನುವವರ ಮನೆಯಲ್ಲಿ ಹಗಲಿಗೊಬ್ಬ, ರಾತ್ರಿಗೊಬ್ಬ ಆಳು ಇರುತ್ತಾನೆ ಎಂಬುದನ್ನು ಮರೆಯಬಾರದು. ಸೇವೆಯನ್ನು ಬಿಡುತ್ತೇವೆಂದು ಯಾವ ತಾಯಿಯೂ ಹೇಳುತ್ತಿಲ್ಲ. ವರ್ಷದಲ್ಲಿ ಕೆಲವು ದಿನ ಯಾರಾದರೂ ಹೆಗಲು ಕೊಡಲಿ, ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿ ಮತ್ತೆ ಬಂದು ನಿಲ್ಲುತ್ತೇವೆ ಎಂಬುದಷ್ಟೇ ಬೇಡಿಕೆ.

ಸರಕಾರದ ಧರ್ಮವಾದರೂ ಎಂಥದು? 2007ರಲ್ಲಿ ತಂದೆ-ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನು ಮಾಡಿದರು. ಹಿರಿಯರನ್ನು ಬೀದಿಪಾಲು ಮಾಡಿದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆಗಲಿ, ತಪ್ಪಿಲ್ಲ. ಆದರೆ ಅದೇ ಕಾನೂನು ಸರಕಾರದ ಹೊಣೆಯ ಮಾತಿಗೆ ಬಂದಾಗ ದನಿ ತಗ್ಗಿಸುತ್ತದೆ. ಜಿಲ್ಲೆಗೆ ಒಂದಾದರೂ, 150 ನಿರ್ಗತಿಕರಿಗೆ ಸಾಲುವಷ್ಟು ವೃದ್ಧಾಶ್ರಮವನ್ನು ಸರಕಾರ ಸ್ಥಾಪಿಸಬಹುದು ಎನ್ನುತ್ತದೆ. ಮಕ್ಕಳಿಗೆ ‘ತಕ್ಕದ್ದು’, ಸರಕಾರಕ್ಕೆ ‘ಬಹುದು’! ಬಡವನ ಮಗನಿಗೆ ಜೈಲು, ಮಂತ್ರಿಮಹಾಶಯರಿಗೆ ಅನುಕೂಲ ಇದ್ದರೆ ನೋಡೋಣ ಎಂಬ ಮಾತು. ಇದು ಯಾವ ನ್ಯಾಯ?

ಹೊರಗಿನ ಜಗತ್ತನ್ನು ನೋಡಿ. ಅಮೆರಿಕ ಬಂಡವಾಳಶಾಹಿಯ ಕೋಟೆ. ಆ ಬಗ್ಗೆ ನಮಗೆ ಭ್ರಮೆಯಿಲ್ಲ. ಅಲ್ಲಿಯೂ ಸಹ 2010ರ ಒಂದು ಕಾನೂನಿನಿಂದ, ತೀವ್ರವಾಗಿ ಗಾಯಗೊಂಡ ಮಾಜಿ ಯೋಧರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಮಾಸಿಕ ಭತ್ಯವೂ, ವರ್ಷಕ್ಕೆ 30 ದಿನಗಳ ಬಿಡುವೂ ಸಿಕ್ಕವು. ಆ ಬಿಡುವಿನ ದಿನಗಳಲ್ಲಿ ಬದಲಿ ವ್ಯವಸ್ಥೆ ಸರಕಾರದ್ದು. ಮೊದಲು ಹೊಸ ಯುದ್ಧಗಳವರಿಗೆ ಮಾತ್ರ ಇದ್ದ ಈ ಸೌಲಭ್ಯವನ್ನು 2018ರ ಕಾನೂನು ಹಳೆಯ ಯುದ್ಧಗಳವರಿಗೂ ವಿಸ್ತರಿಸಿತು. ಬ್ರಿಟನ್ನಿನಲ್ಲಿ 1976ರಲ್ಲೇ ಆರೈಕೆ ಮಾಡುವವರಿಗೆ ಭತ್ಯ ಬಂತು. ಆದರೆ ಮದುವೆಯಾದ ಹೆಂಗಸಿಗೆ ಇಲ್ಲ, ಅವಳು ಹೇಗೂ ಮನೆಯಲ್ಲಿರುವವಳಲ್ಲವೇ ಎಂದರು! ಒಬ್ಬ ಹೆಣ್ಣುಮಗಳು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ 1986ರಲ್ಲಿ ಆ ಅನ್ಯಾಯ ಅಳಿಯಿತು. ಅಷ್ಟು ದೂರವೇಕೆ? ಪಕ್ಕದ ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಯೋಜನೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು. ನಮ್ಮ ಕರ್ನಾಟಕ ಸರಕಾರವೂ 2024-25ರ ಆಯವ್ಯಯದಲ್ಲಿ ಪಾರ್ಕಿನ್ಸನ್, ಸ್ನಾಯುಕ್ಷಯ ಮೊದಲಾದ ಕೆಲವು ರೋಗಗಳವರನ್ನು ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಪ್ರಕಟಿಸಿತು. ಹಣ ಅಲ್ಪವೇ. ಆದರೆ ಆರೈಕೆಯೂ ಒಂದು ದುಡಿಮೆ, ಅದಕ್ಕೂ ಬೆಲೆಯುಂಟು ಎಂಬುದನ್ನು ಸರಕಾರ ಬಾಯಿಬಿಟ್ಟು ಒಪ್ಪಿದಂತಾಯಿತು. ಒಪ್ಪಿದ ಮೇಲೆ ಅರ್ಧದಲ್ಲಿ ನಿಲ್ಲುವುದೇಕೆ?

ಹಣವಿಲ್ಲ ಎನ್ನುತ್ತಾರೆ. ಬದಲಿ ಇಲ್ಲದೆ ದಣಿದ ಹೆಂಗಸು ನಾಳೆ ತಾನೇ ಹಾಸಿಗೆ ಹಿಡಿದರೆ ಒಂದು ರೋಗಿಯ ಜಾಗದಲ್ಲಿ ಎರಡು ರೋಗಿಗಳಾಗುತ್ತಾರೆ. ಆ ಖರ್ಚು ಯಾರ ತಲೆಯ ಮೇಲೆ? ಗೋಣಿಯ ತೂತು ಹೊಲಿಯದೆ ಅಕ್ಕಿ ಸೋರಿತೆಂದು ಅಳುವವನನ್ನು ನಮ್ಮ ಚಿಲ್ಲರೆ ಅಂಗಡಿಯವರು ವ್ಯಾಪಾರಿ ಎಂದು ಕರೆಯುವುದಿಲ್ಲ.

ಸೈನಿಕರಿಗೆ ಮಾತ್ರ ಏಕೆ, ಗಿರಣಿಯಲ್ಲಿ ಮೈಮುರಿದ ನಮ್ಮಪ್ಪನಿಗೆ ಏಕಿಲ್ಲ ಎಂದು ಕಾರ್ಮಿಕ ಬಂಧು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಿಮಗೆ ಜ್ವರ ಬಂದರೆ ಇ.ಎಸ್.ಐ.ನಿಂದ ರಜಾದ ಹಣ ಬರುತ್ತದೆ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳಲು ಮನೆಯಲ್ಲಿ ನಿಂತರೆ ಆ ಹಣ ಬರುವುದಿಲ್ಲ. ನಮ್ಮ ಉತ್ತರ ಇಷ್ಟು: ಸೈನಿಕರಿಗೆ ತಮ್ಮದೇ ಕಚೇರಿಗಳಿವೆ, ಪಟ್ಟಿ ಇದೆ, ಆರೋಗ್ಯ ಯೋಜನೆ ಇದೆ. ನಾಳೆಯೇ ಆರಂಭಿಸಲು ಅಡ್ಡಿಯಿಲ್ಲ. ಅಲ್ಲಿ ಆರಂಭವಾಗಲಿ, ಆದರೆ ಅಲ್ಲೇ ನಿಲ್ಲಬಾರದು. ಯೋಧನ ಹೆಂಡತಿಯ ಬೆನ್ನಿಗೂ ನೇಯ್ಗೆಯವನ ಹೆಂಡತಿಯ ಬೆನ್ನಿಗೂ ನೋವು ಒಂದೇ. ಇವರಿಬ್ಬರ ನಡುವೆ ಗೋಡೆ ಕಟ್ಟಲು ಬರುವವರನ್ನು ನಂಬಬೇಡಿ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು: ಸೈನಿಕ ಕಲ್ಯಾಣ ಇಲಾಖೆಯವರು ಬಾಗಿಲಿಗೆ ಹೋಗಿ, ಹಾಸಿಗೆ ಹಿಡಿದ ಮಾಜಿ ಸೈನಿಕರ ಜೊತೆಗೆ ಅವರನ್ನು ನೋಡಿಕೊಳ್ಳುವವರ ಹೆಸರನ್ನೂ ಬರೆದುಕೊಳ್ಳಬೇಕು. ಎರಡು: ಅಂಥವರಿಗೆ ವರ್ಷಕ್ಕೆ 30 ದಿನಗಳ ಬದಲಿಯನ್ನು ಆರೋಗ್ಯ ಯೋಜನೆಯ ಖರ್ಚಿನಲ್ಲಿ ಹಕ್ಕಾಗಿ ಕೊಡಬೇಕು, ಬದಲಿ ಮನೆಗೆ ಬರಬೇಕೋ, ರೋಗಿಯನ್ನು ಶುಶ್ರೂಷಾಲಯಕ್ಕೆ ಕಳಿಸಬೇಕೋ ಎಂಬುದು ಮನೆಯವರ ಇಚ್ಛೆ. ಮೂರು: ಶುಶ್ರೂಷಾ ಭತ್ಯ ಮುಪ್ಪಿನಿಂದ ಹಾಸಿಗೆ ಹಿಡಿದವರಿಗೂ ಸಿಗಬೇಕು, ಹಣ ಆರೈಕೆ ಮಾಡುವವರ ಸ್ವಂತ ಖಾತೆಗೇ ಬರಬೇಕು. ನಾಲ್ಕು: ಬದಲಿಗೆ ಬರುವ ಹೆಣ್ಣುಮಕ್ಕಳಿಗೆ ಕಾನೂನಿನ ಕೂಲಿ, ಇ.ಎಸ್.ಐ., ಭವಿಷ್ಯ ನಿಧಿ ಇರಬೇಕು. ಒಬ್ಬಳ ಬಿಡುವಿಗೆ ಇನ್ನೊಬ್ಬಳ ಶೋಷಣೆ ಬೇಡ. ಐದು: 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದಾಗ ಆಡಳಿತ ಜನರ ಬಾಗಿಲಿಗೆ ಬರುತ್ತದೆಂದರು. ಹಾಗಾದರೆ ಪಶ್ಚಿಮ ಪಾಲಿಕೆಯು ಮೂಡಲಪಾಳ್ಯದಲ್ಲಿ ಎಲ್ಲ ಮುದುಕರಿಗೂ ಹಗಲು ಆರೈಕೆಯ ಒಂದು ಮನೆಯನ್ನು ತೆರೆದು ತೋರಿಸಲಿ.

ಯೋಧರು ಸತ್ತಾಗ ಹೂವಿನ ಹಾರ ಹಿಡಿದು ಬರುವವರು ಬಹಳ. ಬದುಕಿರುವಾಗ ಒಂದು ರಾತ್ರಿ ಅವರ ಮಗ್ಗುಲು ಬದಲಿಸಲು ಬರುವವರು ಬೇಕು. ಇದು ಭಿಕ್ಷೆಯಲ್ಲ, ಬಾಕಿ. ಬಾಕಿಯನ್ನು ವಸೂಲು ಮಾಡುವುದು ಹೇಗೆಂದು ಕಾರ್ಮಿಕರಿಗೂ ಅಂಗಡಿಯವರಿಗೂ ಚೆನ್ನಾಗಿ ಗೊತ್ತು.