ಆಸ್ಪತ್ರೆ ಸುದ್ದಿಗೆ ಒಂದು ಬಾಯಿ ಸಾಕು



ಒಂದು ತಿಂಗಳಾಯ್ತು, ಇಲ್ಲಿ ಏನೂ ಬರೆದಿರಲಿಲ್ಲ. ರಾಗಿ ಕುಯಿಲಿನ ಫೋಟೋ ಯಾಕೆ ಹಾಕಿಲ್ಲ ಅಂತ ಕೇಳಿದವರಿಗೆಲ್ಲಾ ಒಟ್ಟಿಗೇ ಉತ್ತರ ಹೇಳ್ತೀನಿ. ನಮ್ಮಣ್ಣಂಗೆ ಎದೆನೋವು ಬಂದು ಬೆಂಗಳೂರಲ್ಲಿ ಬೈಪಾಸ್ ಆಪರೇಷನ್ ಆಯ್ತು. ಈಗ ಮನೆಗೆ ಬಂದಿದ್ದಾನೆ, ಹುಷಾರಾಗ್ತಿದ್ದಾನೆ. ಇವತ್ತು ಬೆಳೆ ವಿಚಾರ ಅಲ್ಲ. ಮನೇಲಿ ಒಬ್ರು ಹಾಸಿಗೆ ಹಿಡಿದಾಗ ಈ ಫೋನನ್ನ ಹೆಂಗೆ ಬಳಸಬೇಕು ಅನ್ನೋದರ ಬಗ್ಗೆ ಎರಡು ಮಾತು. ನಾನು ತಪ್ಪು ಮಾಡಿ ಕಲಿತಿದ್ದು.

ಆಪರೇಷನ್ ಆದ ದಿನ ಸಂಜೆ ಐಸಿಯು ಒಳಗೆ ಎರಡು ನಿಮಿಷ ಬಿಟ್ರು. ಬಾಯಲ್ಲಿ ಪೈಪು, ಎದೆ ಮೇಲೆ ಬ್ಯಾಂಡೇಜು, ಮೈಮೇಲೆ ಅರ್ಧ ಬಟ್ಟೆ. ಬೆಳಿಗ್ಗೆಯಿಂದ ನೆಂಟರ ಫೋನಿಗೆಲ್ಲಾ ಅದೇ ಕಥೆ ಹೇಳಿ ಹೇಳಿ ನಂಗೆ ಸಾಕಾಗಿತ್ತು. ಒಂದು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕ್ಬಿಟ್ಟೆ. ಕೆಳಗೆ 'ಆಪರೇಷನ್ ಚೆನ್ನಾಗಾಯ್ತು' ಅಂತ ಬರೆಯೋಷ್ಟರಲ್ಲಿ ಡಾಕ್ಟ್ರು ಕರೆದ್ರು, ಹೋದೆ. ಫೋಟೋ ಒಂದೇ ಊರಿಗೆ ಹೋಯ್ತು, ಮಾತು ಹೋಗಲಿಲ್ಲ.

ವಾಪಸ್ ಬಂದು ನೋಡಿದ್ರೆ ನೆಂಟರ ಹುಡುಗ ಒಬ್ಬ ಅದನ್ನ ಸ್ಟೇಟಸ್ ಇಟ್ಟಿದ್ದ. ಯಾರೋ ಕೈಮುಗಿಯೋ ಚಿತ್ರ ಹಾಕಿದ್ರು. ಅದನ್ನ ನೋಡಿದ ಇನ್ಯಾರೋ 'ಓಂ ಶಾಂತಿ' ಅಂದ್ರು. ದಾವಣಗೆರೆಯಲ್ಲಿರೋ ತಂಗಿ ಅಳ್ತಾ ರಾತ್ರಿ ಬಸ್ ಹತ್ತಿದ್ಲು. ಊರಲ್ಲಿ ಜನ ಬಂದು ಅವ್ವನ ಸುತ್ತ ಕೂತ್ರು. ಅವ್ವನ ಹತ್ರ ಇರೋದು ಕೀಪ್ಯಾಡ್ ಫೋನು. ಮಗ ಬದುಕಿದ್ದಾನೆ ಅಂತ ಅವಳನ್ನ ನಂಬಿಸೋಕೆ ನಂಗೆ ಅರ್ಧ ಗಂಟೆ ಹಿಡೀತು.

ಮನೆಗೆ ಬಂದ ಮೇಲೆ ಆ ಫೋಟೋ ಅಣ್ಣನ ಕಣ್ಣಿಗೂ ಬಿತ್ತು. ಬಿಳಿ ಶರಟು ಹಾಕದೆ ಡೇರಿಗೂ ಹೋಗದ ಮನುಷ್ಯ ಅವನು. ಬೈಯ್ಲಿಲ್ಲ. "ಮೈಮೇಲೆ ಬಟ್ಟೆ ಇಲ್ದಿರೋನ್ನ ಊರಿಗೆಲ್ಲಾ ತೋರಿಸ್ಬಿಟ್ಯಲ್ಲೋ" ಅಂದ, ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಹಂಗಂತ ಫೋನೇ ಬೇಡ ಅಂತ ನಾನು ಹೇಳಲ್ಲ. ಮಾರನೇ ದಿನ ಬುದ್ಧಿ ಬಂದು ಬೇರೆ ಗ್ರೂಪ್ ಮಾಡಿದ್ವಿ. ಸೆಟ್ಟಿಂಗಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಇಡಬಹುದು, ಹಂಗೇ ಇಟ್ವಿ. ಬರೆಯೋದು ಅಣ್ಣನ ಮಗ ಒಬ್ಬನೇ. ಡೇರಿಗೆ ಹಾಲು ಹಾಕೋ ಹಾಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ತಾರೀಖು, ಟೈಮು, ಡಾಕ್ಟ್ರು ಹೇಳಿದ್ದು ಎರಡು ಸಾಲು. ಫೋಟೋ ಇಲ್ಲ, ರಿಪೋರ್ಟ್ ಇಲ್ಲ. ಅವ್ವಂಗೆ ಓದಿ ಹೇಳೋಕೆ ಪಕ್ಕದ ಮನೆ ಹುಡುಗಿಗೆ ವಹಿಸಿದ್ವಿ. ಫೋನ್ ಕರೆಗಳು ನಿಂತ್ವು, ನಮಗೂ ಆಸ್ಪತ್ರೆ ವರಾಂಡದಲ್ಲಿ ಒಂದು ಗಳಿಗೆ ಕಣ್ಣು ಮುಚ್ಚೋಕಾಯ್ತು.

ಆ ಗ್ರೂಪಿಂದ ಆದ ದೊಡ್ಡ ಉಪಕಾರ ಇನ್ನೊಂದು. 'ಬೇಗ ಗುಣವಾಗಲಿ' ಅಂತ ಹಾರೈಸಿದವರು ಬಹಳ ಜನ, ಅವರಿಗೆಲ್ಲಾ ಋಣಿ. ಆದ್ರೆ ನಾವಾಗಿ 'ಸಂಜೆ ಎರಡು ಹಸು ಕರೆಯೋರು ಬೇಕು, ರಾಗಿ ತೆನೆ ಉದುರ್ತಿದೆ' ಅಂತ ಬಿಡಿಸಿ ಬರೆದ ಮೇಲೇ ಕೈಗಳು ಬಂದಿದ್ದು. ನಾಲ್ಕು ಜನ ಬಂದು ರಾಗಿ ಕುಯ್ದು ಮೆದೆ ಹಾಕಿದ್ರು. ಏನು ಬೇಕು ಅಂತ ಹೇಳದೆ ಇದ್ರೆ ಒಳ್ಳೆಯವರಿಗೂ ಗೊತ್ತಾಗಲ್ಲ. ಕೇಳೋಕೆ ನಾಚಿಕೆ ಬೇಡ.

ರಕ್ತ ಬೇಕು ಅಂತ ಹಾಕೋರಿಗೂ ಒಂದು ಮಾತು. ತಾರೀಖು ಹಾಕಿ. ಸಿಕ್ಕಿದ ಮೇಲೆ 'ಸಿಕ್ಕಿತು, ಇನ್ನು ಕಳಿಸಬೇಡಿ' ಅಂತ ಮರೀದೆ ಬರೀರಿ. ಇಲ್ಲಾಂದ್ರೆ ಆ ಮೆಸೇಜು ವರ್ಷಗಟ್ಟಲೆ ಸುತ್ತುತ್ತೆ, ನಿಜವಾಗಿ ಬೇಕಾದೋರ ಮೆಸೇಜನ್ನೂ ಆಗ ಯಾರೂ ನಂಬಲ್ಲ.

ನೋಡೋಕೆ ಬರ್ತೀವಿ ಅನ್ನೋರಿಗೆ: ಬೈಪಾಸ್ ಆದವರಿಗೆ ಕುಯ್ದ ಎದೆ ಮೂಳೆ ಕೂಡೋಕೆ 6ರಿಂದ 8 ವಾರ ಬೇಕು. ಸೋಂಕಿನ ಭಯ ಇರುತ್ತೆ. ಹತ್ತು ಜನ ಬಂದು ಸುತ್ತ ಕೂತು, ಇಂಥೋರು ಹಿಂಗೇ ಹೋದ್ರು ಅಂತ ಕಥೆ ಹೇಳೋದು ಬೇಡ. ಎರಡು ಸಾಲು ಓದಿಕೊಂಡು ಮನೇಲಿದ್ರೂ ಅದು ಪ್ರೀತಿನೇ.

ನನ್ನ ಅಭಿಪ್ರಾಯ ಇಷ್ಟೇ. ಕಾಯಿಲೆ ಸುದ್ದಿ ಮಲಗಿರೋರ ಸೊತ್ತು, ನಮ್ಮದಲ್ಲ. ಅವರಿಗೆ ಎಚ್ಚರ ಇದ್ರೆ ಕೇಳಿ ಹಾಕಿ. ಎಚ್ಚರ ಇಲ್ದಿದ್ರೆ, ಎದ್ದ ಮೇಲೆ ಅವರು ಓದಿ ತಲೆ ತಗ್ಗಿಸದ ಹಾಗೆ ಬರೀರಿ.

ಇದನ್ನ ಹಾಕೋಕೆ ಮುಂಚೆ ಅಣ್ಣಂಗೆ ಪೂರ್ತಿ ಓದಿ ಹೇಳ್ದೆ. "ಹಾಕು, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ. ಫೋಟೋ ಮಾತ್ರ ಬೇಡ" ಅಂದ. ಹಾಕಿಲ್ಲ.

ಮುಂದಿನ ವಾರ ರಾಗಿ ಒಕ್ಕಣೆ ಬಗ್ಗೆ ಬರೀತೀನಿ.